ಈ ಮೀನು ಯಾರ ಪೈಕಿ

ಬಾಳಾಸಾಹೇಬ ಆ ಸಲ ರಜೆಗೆ ಬಂದವನು ಟ್ರಂಕನ್ನು ತನ್ನ ಮನೆಯಲ್ಲಿ ಇಳಿಸುವ ಮೊದಲೇ ಗುರುಪಾದಪ್ಪನ ಹೆಂಚಿನ ಭಟ್ಟಿಗೆ ಬಂದ. ಎರಡೂ ಕೈಯಿಂದ ಒಂದು ದೊಡ್ಡ ಬಿಸ್ಕೀಟಿನ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದಿದ್ದ. ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿತ್ತು.

ಅದು ಎಪ್ಪತ್ತೇಳನೆಯ ಇಸವಿ. ದೀಪಾವಳಿ ಮುಗಿದು ಖಾನಾಪುರದಲ್ಲಿ ಚಳಿ ಬೀಳತೊಡಗಿತ್ತು. ಬಾಳಾಸಾಹೇಬ, ಗುರುಪಾದಪ್ಪ ಇಬ್ಬರೂ ಒಂದೇ ಸಾಲೆಯಲ್ಲಿ ಓದಿದವರು. ಗುರುಪಾದಪ್ಪ ತಂದೆಯ ಭಟ್ಟಿ ಹಿಡಿದು ಊರಲ್ಲೇ ಉಳಿದ. ಬಾಳಾಸಾಹೇಬ ಮುಂಬಯಿಗೆ ಹೋಗಿ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಹಿಡಿದ. ಎರಡು ವರ್ಷಕ್ಕೊಮ್ಮೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಂದಾಗೆಲ್ಲ ಗೆಳೆಯನ ಹೆಂಡತಿ ಸಂಗವ್ವನಿಗೆ ಏನಾದರೊಂದು ದೂರದೇಶದ ವಸ್ತು ತರುತ್ತಿದ್ದ. ಒಮ್ಮೆ ಶಂಖ, ಒಮ್ಮೆ ಮರದ ಗೊಂಬೆ.

ಸಂಗವ್ವ ಅಂಗಳದಲ್ಲಿ ಹಸಿ ಹೆಂಚುಗಳನ್ನು ಬಿಸಿಲಿಗೆ ತಿರುವಿ ಹಾಕಿಸುತ್ತಿದ್ದಳು. ಅವಳ ಅತ್ತೆ ಕಾಶವ್ವ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು.

"ವೈನಿ, ಹೆದರಬ್ಯಾಡ್ರಿ. ಕಚ್ಚೂದಿಲ್ಲ," ಎನ್ನುತ್ತ ಬಾಳಾಸಾಹೇಬ ಮುಚ್ಚಳ ತೆಗೆದ.

ಸಂಗವ್ವ ಬಗ್ಗಿ ನೋಡಿದಳು. ಮೂರು ಬೆರಳು ಆಳದ ನೀರು. ಅದರೊಳಗೆ ಬೆರಳುದ್ದದ ಒಂದು ಜೀವ. ಹಾವೆನ್ನೋಣವೆಂದರೆ ರೆಕ್ಕೆ ಇತ್ತು, ಮೀನೆನ್ನೋಣವೆಂದರೆ ಅದು ಮೀನಿನ ಹಾಗೆ ಇರಲಿಲ್ಲ. ಬೂದು ಮೈಯ ಉದ್ದಕ್ಕೂ ಕಪ್ಪು ಪಟ್ಟಿಗಳು. ತಲೆಯ ಹಿಂದೆ ಎರಡೂ ಬದಿಗೆ ಹಕ್ಕಿಯ ಪುಕ್ಕದಂಥ ಎರಡು ಎಳೆ ಕೊಂಬೆ. ಬೆನ್ನ ಮೇಲೆ ಸಾಲಾಗಿ ನಿಲ್ಲಿಸಿದ ಪುಟ್ಟ ಪುಟ್ಟ ನಿಶಾನೆಗಳಂಥ ರೆಕ್ಕೆಗಳು. ಮುಂದಿನ ಎರಡು ರೆಕ್ಕೆಗಳನ್ನು ಮಗು ಅಂಗೈ ಊರಿದಂತೆ ತಳಕ್ಕೆ ಊರಿ, ತಲೆ ಎತ್ತಿ ಅದು ಅವಳನ್ನೇ ನೋಡುತ್ತಿತ್ತು.

ಕಾಶವ್ವ ಕತ್ತು ಚಾಚಿ ನೋಡಿದವಳೇ ಅವರೆಕಾಯಿ ಬುಟ್ಟಿ ಸರಿಸಿ ಎದ್ದಳು. "ಅಯ್ಯ ಶಿವನ! ಇದೇನೋ ಇದು? ಹಾವಿನ ಮರಿ ತಂದೀಯೇನೋ ಬಾಳ್ಯಾ?"

"ಮೀನs ಐತಿ ಅವ್ವಾ. ಆಫ್ರಿಕಾದಾಗ ಲಾಗೋಸ್ ಅಂತ ಊರು. ಬಂದರದ ಹೊರಗ ಹೆಣ್ಮಕ್ಕಳು ಬುಟ್ಟ್ಯಾಗ ಇಟ್ಕೊಂಡು ಮಾರಾಕತ್ತಿದ್ರು, ತಿನ್ನಾಕ. ಇದೊಂದು ಬುಟ್ಟಿಯಿಂದ ಕೆಳಗ ಇಳದು, ನೆಲದ ಮ್ಯಾಲ ನಡಕೋಂತ ನನ್ನ ಬೂಟಿನ ತನಕಾ ಬಂತು. ಖರೇ ಹೇಳ್ತೀನಿ, ನಡಕೋಂತ ಬಂತು! ನಡಕೋಂತ ಬಂದದ್ದನ್ನ ಬಿಟ್ಟು ಹೋಗಾಕ ಮನಸ್ಸಾಗಲಿಲ್ಲ."

"ಇದರ ಹೆಸರೇನು?" ಸಂಗವ್ವ ಕೇಳಿದಳು.

"ಅಲ್ಲಿ ಭಾಷಾದಾಗ ಏನೋ ಅಂದ್ರು ವೈನಿ. ಮರತೆ."

ಬಾಳಾಸಾಹೇಬ ಮತ್ತೆ ಹಡಗು ಹತ್ತಬೇಕಿತ್ತು. ಮೀನನ್ನು ಮಲಪ್ರಭಾ ನದಿಯಲ್ಲಿ ಬಿಟ್ಟು ಹೋಗುತ್ತೇನೆಂದ. ಸಂಗವ್ವ ಒಪ್ಪಲಿಲ್ಲ. ಗುರುತು ಪರಿಚಯ ಇಲ್ಲದ ಊರಿನಲ್ಲಿ ಒಂಟಿ ಜೀವವನ್ನು ಹೊಳೆಗೆ ದೂಡುವುದೆಂದರೆ ಏನು! ಡಬ್ಬಿಯನ್ನು ಅವಳೇ ಇಸಿದುಕೊಂಡಳು.

ಭಟ್ಟಿಯ ಅಂಗಳದ ಮೂಲೆಯಲ್ಲಿ, ಹೆಂಚು ಪೇರಿಸುವ ಛಪ್ಪರದ ಕೆಳಗೆ, ಒಳಗೆಲ್ಲ ಹೊಳಪು ಹಚ್ಚಿ ಸುಟ್ಟ ದೊಡ್ಡದೊಂದು ಮಣ್ಣಿನ ಬಾನಿ ಇತ್ತು. ಗುರುಪಾದಪ್ಪ ಅದನ್ನು ತಿಕ್ಕಿ ತೊಳೆಸಿ ನೀರು ತುಂಬಿಸಿದ. ಮೀನು ಅದರಲ್ಲಿ ಇಳಿಯಿತು. ಆದರೆ ತಿನ್ನಿಸುವುದು ಏನನ್ನು? ರೊಟ್ಟಿಯ ಚೂರು ಹಾಕಿದರೆ ಮೂಸಿ ಬಿಟ್ಟಿತು. ಅನ್ನವನ್ನೂ ಮುಟ್ಟಲಿಲ್ಲ. ಭಟ್ಟಿಯ ಕೆಲಸದ ಮಾಯಪ್ಪ ಒದ್ದೆ ಮಣ್ಣು ಕೆದರಿ ಒಂದು ಎರೆಹುಳ ಎತ್ತಿ ಹಾಕಿದಾಗ, ಅದು ಹುಳದ ಸುತ್ತ ಒಮ್ಮೆ ಸುಳಿದು ಗಬಕ್ಕನೆ ನುಂಗಿತು. ಲಿಂಗ ಕಟ್ಟಿದ ಮನೆ. ಮೊಟ್ಟೆ ಕೂಡ ಒಳಗೆ ಬಂದದ್ದಿಲ್ಲ. ಕಾಶವ್ವ ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಒಂದು ಕಟ್ಟು ಮಾಡಿದಳು: "ಅದರ ಊಟ ಅದಕ್ಕ. ಆದ್ರ ಆ ಬಾನಿ ಛಪ್ಪರ ದಾಟಿ ಮನಿ ಕಡೆ ಬರಬಾರ್ದು. ಹುಳಾ ಮುಟ್ಟಿದ ಕೈಲೆ ಒಲಿ ಮುಟ್ಟಬಾರ್ದು." ಅಷ್ಟಕ್ಕೇ ಮುಗಿಯಿತು. ಆದರೆ ಛಪ್ಪರದ ಕಡೆ ಅವಳು ಹಾಯಲಿಲ್ಲ.

ಸಂಗವ್ವ ಮಾತ್ರ ಬಿಡುವು ಸಿಕ್ಕರೆ ಸಾಕು, ಬಾನಿಯ ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದಳು. ಮ್ಯಾಟ್ರಿಕ್ಕಿನವರೆಗೆ ಓದಿದವಳು. ಮದುವೆಯಾಗಿ ಬಂದ ಮೇಲೆ ಮಣ್ಣು, ಕಟ್ಟಿಗೆ, ಬೆಂಕಿ, ಮೂರರ ನಡುವೆಯೇ ದಿನ ಹೋಗುತ್ತಿತ್ತು. ಇಷ್ಟು ಹೊತ್ತು ಸುಮ್ಮನೆ ಕುಳಿತು ಯಾವುದನ್ನಾದರೂ ನೋಡಿದ್ದು ಅವಳ ಜೀವನದಲ್ಲೇ ಇರಲಿಲ್ಲ.

ನೋಡನೋಡುತ್ತ ಅವಳಿಗೆ ಒಂದೊಂದೇ ತಿಳಿಯಿತು. ಮೀನು ಬಾನಿಯ ತಳದಲ್ಲಿ ಈಜುವುದಕ್ಕಿಂತ ಹೆಚ್ಚಾಗಿ ನಡೆಯುತ್ತಿತ್ತು. ಆಗಾಗ ಬಾಣದಂತೆ ಮೇಲೆ ಬಂದು, ನೀರಿನ ಮೇಲೆ ಮೂತಿ ಇಟ್ಟು, 'ಗುಳುಕ್' ಎಂದು ಗಾಳಿ ಹೀರಿ ಕೆಳಗಿಳಿಯುತ್ತಿತ್ತು. ಮೊದಮೊದಲು ಅವಳು ನೀರು ಕೆಟ್ಟಿದೆ ಎಂದುಕೊಂಡಳು. ನೀರು ಬದಲಿಸಿದರೂ ಹಾಗೆಯೇ ಮಾಡಿತು. ತಿಂಗಳುಗಳು ಕಳೆದಂತೆ ತಲೆಯ ಪಕ್ಕದ ಪುಕ್ಕಗಳು ಸಣ್ಣಗಾಗುತ್ತ ಬಂದವು. ಏನೋ ರೋಗ ಬಂತೆಂದು ಅವಳಿಗೆ ಊಟ ಸೇರಲಿಲ್ಲ. ಆದರೆ ಮೀನು ಬಳ್ಳಿಯಂತೆ ಬೆಳೆಯುತ್ತಲೇ ಇತ್ತು. ಒಂದು ದಿನ ನೋಡಿದರೆ ಪುಕ್ಕಗಳೇ ಇಲ್ಲ. ಮೈ ಮೇಲಿನ ಪಟ್ಟಿಗಳೂ ಮಾಸಿ ಹೋಗಿ, ಇಡೀ ಮೈ ಮಂಜು ಬಿದ್ದ ಬೆಳಗಿನ ಬಣ್ಣಕ್ಕೆ ತಿರುಗಿತ್ತು.

ಆ ಕಡೆಯ ಮನೆಗಳಲ್ಲಿ ಹೊಸಬರು ಬಂದರೆ ನೀರು ಕೊಟ್ಟ ಮೇಲೆ ಕೇಳುವ ಮೊದಲ ಮಾತು, "ಯಾ ಊರು? ಯಾರ ಪೈಕಿ?" ಅಷ್ಟು ತಿಳಿದರೆ ಸಾಕು, ಮುಂದಿನ ಮಾತು ತಾನೇ ಹರಿಯುತ್ತದೆ. ಸಂಗವ್ವನ ಮನಸ್ಸಿನಲ್ಲಿ ಅದೇ ಕೊರೆಯುತ್ತಿತ್ತು. ಮನೆಯಲ್ಲಿ ಇಷ್ಟು ದಿನ ಇದ್ದ ಜೀವ, ಅದು ಯಾರ ಪೈಕಿ ಎಂಬುದೇ ಗೊತ್ತಿಲ್ಲ.

ಮಲಪ್ರಭೆಯ ದಂಡೆಯಲ್ಲಿ ಬಲೆ ಹಾಕುವವರನ್ನು ಕರೆಸಿ ತೋರಿಸಿದಳು. ಅವರು ಮರಾಠಿಯಲ್ಲಿ ತಮ್ಮತಮ್ಮೊಳಗೆ ಮಾತಾಡಿಕೊಂಡು, ನಮ್ಮ ಹೊಳೆಯದಲ್ಲ ಎಂದರು. ಸಾಲೆಯ ಮಾಸ್ತರರು ಹಾವುಮೀನು ಎಂದರು. ಹಾವುಮೀನಿಗೆ ಬೆನ್ನ ಮೇಲೆ ನಿಶಾನೆ ಎಲ್ಲಿದೆ? ಎತ್ತಿಗೆ ಮದ್ದು ಹಾಕಲು ಬಂದ ದನದ ಡಾಕ್ಟರರು ಬಾನಿಯ ಮುಂದೆ ಬಹಳ ಹೊತ್ತು ನಿಂತು, "ನನಗ ತಿಳಿಯಂಗಿಲ್ಲ ತಾಯಿ. ಬೆಳಗಾವಿ ಕಾಲೇಜಿನ್ಯಾಗ ಬಸಯ್ಯ ಅಂತ ಅದಾರ, ಪ್ರಾಣಿಶಾಸ್ತ್ರ ಕಲಸ್ತಾರ. ಅವರಿಗೊಮ್ಮೆ ತೋರಸ್ರಿ," ಎಂದರು.

"ಮೀನಾ ತಗೊಂಡು ಬೆಳಗಾಂವಿಗೆ ಹೋಗೂದ? ನೋಡಿದ ಮಂದಿ ಏನಂದಾರು!" ಎಂದು ಗುರುಪಾದಪ್ಪ ನಕ್ಕುಬಿಟ್ಟ.

ಮರುವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವನ ನಗು ನಿಂತಿತು. ರಾತ್ರಿಯಿಡೀ ಜಡಿಮಳೆ ಹೊಡೆದು ಛಪ್ಪರದ ನೀರು ಬಾನಿಗೆ ಇಳಿದು ಅದು ತುಂಬಿ ಹರಿದಿತ್ತು. ಸಂಗವ್ವ ಬಂದು ನೋಡಿದಾಗ ಬಾನಿ ಖಾಲಿ. ಅಂಗಳವೆಲ್ಲ ಹುಡುಕಿದಳು, ಕಟ್ಟಿಗೆಯ ರಾಶಿ ಸರಿಸಿದಳು, ಗಟಾರದಲ್ಲಿ ಕೈಯಾಡಿಸಿದಳು. ಕಾಗೆ ಒಯ್ದಿರಬೇಕು ಎಂದು ಗುರುಪಾದಪ್ಪ ಮೆಲ್ಲಗೆ ಹೇಳಿದ. ಅಷ್ಟರಲ್ಲಿ ಅಂಗಳದ ಆಚೆ ತುದಿಯಿಂದ ಮಾಯಪ್ಪ ಕೂಗಿದ.

ಹೆಂಚಿನ ಮಣ್ಣು ಕಲಸಿ ಹದಕ್ಕೆ ಬಿಟ್ಟ ಗುಂಡಿಯ ಹತ್ತಿರ ಅವನು ಒಂದು ಕಾಲು ಎತ್ತಿಕೊಂಡೇ ನಿಂತಿದ್ದ. ಮಣ್ಣು ತುಳಿಯಲು ಇಳಿಯಬೇಕೆಂದವನು ಹಾಗೆಯೇ ಕಲ್ಲಾಗಿದ್ದ. "ಅಕ್ಕಾರ, ಇಲ್ಲಿ ಐತ್ರಿ! ಇನ್ನೊಂದೀಟಿಗೆ ತುಳದs ಬಿಡ್ತಿದ್ನಿ!"

ಕೆಂಪು ಮಣ್ಣಿನಲ್ಲಿ ಅರ್ಧ ಹೂತು ಮೀನು ಮಲಗಿತ್ತು. ಬಾನಿಯಿಂದ ಅಲ್ಲಿಯವರೆಗೆ ಒದ್ದೆ ನೆಲದಲ್ಲಿ ಅದು ಬಂದ ದಾರಿ ಕಾಣುತ್ತಿತ್ತು. ನಡುವೆ ಮೈ ಎಳೆದ ಗೆರೆ, ಎರಡೂ ಬದಿಗೆ ಅಂಗೈ ಊರಿದ ಗುರುತು. ಮಳೆ ಬೆಳಕು ಹರಿಯುವ ಮೊದಲೇ ನಿಂತಿತ್ತು. ಅಂದರೆ ಅದು ನೀರಿಲ್ಲದೆ ಎಷ್ಟೋ ಹೊತ್ತು ಅಲ್ಲಿ ಬಿದ್ದಿತ್ತು. ಸತ್ತಿದೆ ಎಂದೇ ತಿಳಿದು ಸಂಗವ್ವ ಎರಡೂ ಕೈಯಲ್ಲಿ ಎತ್ತಿಕೊಂಡಳು. ಮೈ ತಣ್ಣಗಿತ್ತು, ಕಲ್ಲಿನಷ್ಟು ಗಟ್ಟಿಯಾಗಿತ್ತು. ಮಣ್ಣು ಒರೆಸಲು ಸೆರಗು ತೆಗೆದುಕೊಂಡಳು. ಆಗ ಅವಳ ಅಂಗೈಯಲ್ಲಿ ಮೀನು ಬಾಯಿ ತೆರೆಯಿತು. ಎದೆ ಉಬ್ಬಿತು, ಇಳಿಯಿತು. ಮತ್ತೆ ಉಬ್ಬಿತು. ತೊಟ್ಟಿಲ ಕೂಸು ನಿದ್ದೆಯಲ್ಲಿ ಉಸಿರಾಡಿದಂತೆ, ಗಾಬರಿಯಿಲ್ಲದೆ, ಅದು ಗಾಳಿಯನ್ನು ಒಳಗೆ ತೆಗೆದುಕೊಳ್ಳುತ್ತಿತ್ತು.

ಸಂಗವ್ವ ಅಂಗೈಯನ್ನು ಗಂಡನತ್ತ ಚಾಚಿದಳು. "ಉಸುರಾಡಾಕತ್ತೈತಿ ನೋಡ್ರಿ," ಎಂದಳು. ಗಟ್ಟಿಯಾಗಿ ಮಾತಾಡಲು ಅವಳಿಗೆ ಅಂಜಿಕೆಯಾಯಿತು. "ನಮ್ಮಂಗ ಉಸುರಾಡಾಕತ್ತೈತಿ."

ಗುರುಪಾದಪ್ಪ ಬಾಗಿ ನೋಡಿದ. ಒಂದು ಬೆರಳಿನಿಂದ ಅದರ ಬೆನ್ನಿನ ಮಣ್ಣು ಒರೆಸಿದ. ಆಮೇಲೆ, "ನಡಿ, ಬೆಳಗಾಂವಿಗೆ ಹೋಗೂಣು," ಎಂದ.

ಮುಂದಿನ ವಾರ ಇಬ್ಬರೂ ಬೆಳಗಿನ ರೈಲು ಹಿಡಿದರು. ಬಕೀಟಿನಲ್ಲಿ ಮೀನು, ಮೇಲೆ ತೆಳು ಅರಿವೆಯ ಬಾಯಿಕಟ್ಟು. ಹಾಲೇನ್ರಿ ಎಂದು ಕೇಳಿದವರಿಗೆ ಗುರುಪಾದಪ್ಪ ಹೌದು ಎಂದ. ಅಷ್ಟರಲ್ಲಿ ಬಕೀಟಿನೊಳಗಿಂದ 'ಗುಳುಕ್' ಎಂದಿತು. ಕೇಳಿದವರು ಸರಿದು ಕುಳಿತರು.

ಬೆಳಗಾವಿಯಲ್ಲಿ ಟಾಂಗಾ ಮಾಡಿಕೊಂಡು ಕಾಲೇಜಿಗೆ ಹೋದರು. ಬಸಯ್ಯ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯಲ್ಲಿದ್ದರು. ಸಣಕಲು ಮೈ, ಹಣೆಯ ಮೇಲೆ ವಿಭೂತಿ, ಅಂಗಿಯ ತೋಳಿಗೆ ಹಲಗೆಯ ಮೇಲೆ ಬರೆಯುವ ಖಡುವಿನ ಪುಡಿ. ಹಳ್ಳಿಯ ಗಂಡ ಹೆಂಡತಿ ಬಕೀಟು ಹಿಡಿದು ಬಾಗಿಲಲ್ಲಿ ನಿಂತದ್ದು ಕಂಡು, "ಬರ್ರಿ, ಒಳಗ ಬರ್ರಿ. ಏನ್ ಹಾವ ಏನು? ಮುಚ್ಚಳ ಗಟ್ಟಿ ಅದನೋ ಇಲ್ಲೋ?" ಎಂದರು. ಅವರ ಹತ್ತಿರ ಮಂದಿ ಹಾವು ತರುವುದು ರೂಢಿಯಿತ್ತು.

ಖಾನಾಪುರದಿಂದ ಬಂದವರೆಂದು ಹೇಳಿ ಸಂಗವ್ವ ಬಕೀಟನ್ನು ಕಿಟಕಿಯ ಬೆಳಕಿಗೆ ಇಟ್ಟು ಅರಿವೆ ಬಿಚ್ಚಿದಳು.

ಬಸಯ್ಯ ಬಗ್ಗಿದರು. ಚಷ್ಮಾ ತೆಗೆದು, ಧೋತರದ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ಮೀನು ಮೇಲೆ ಬಂದು ಒಂದು ಉಸಿರು ತೆಗೆದುಕೊಂಡು ಕೆಳಗಿಳಿಯಿತು. ಅವರು ನೆಲದ ಮೇಲೆ ಕುಳಿತೇಬಿಟ್ಟರು.

"ಜೀವಂತ ಅದ," ಎಂದರು. ಯಾರಿಗೂ ಹೇಳಿದಂತಿರಲಿಲ್ಲ. "ಇದು ಜೀವಂತ ಅದ."

ಆಮೇಲೆ ಎದ್ದು ಗೋಡೆಗುಂಟ ನಿಂತ ಕಪಾಟಿನ ಹತ್ತಿರ ಹೋದರು. ಅದರಲ್ಲಿ ಸಾಲು ಸಾಲು ಗಾಜಿನ ಬಾಟಲಿಗಳು. ಒಂದನ್ನು ಎರಡೂ ಕೈಯಲ್ಲಿ ತಂದು ಬಕೀಟಿನ ಪಕ್ಕ ಇಟ್ಟರು. ಹಳದಿಯಾದ ಔಷಧಿನೀರಿನಲ್ಲಿ ಒಂದು ಸತ್ತ ಮೀನು ನೆಟ್ಟಗೆ ನಿಂತಿತ್ತು. ಬಣ್ಣವೆಲ್ಲ ಹೋಗಿ ಹಳೆಯ ಮೇಣದಂತಾಗಿತ್ತು. ಆದರೆ ಬೆನ್ನ ಮೇಲೆ ಅವೇ ನಿಶಾನೆಗಳು, ಮುಂದೆ ಅವೇ ಅಂಗೈಗಳು.

"ಇಪ್ಪತ್ತು ವರ್ಷದ ಮ್ಯಾಲಾತು ತಂಗಿ, ಈ ಬಾಟ್ಲಿ ತೋರ್ಸಿ ಪಾಠಾ ಹೇಳ್ಲಿಕ್ಕತ್ತೀನಿ. ಇದಕ್ಕ ಪುಪ್ಪುಸ ಅದ, ಇದು ಗಾಳಿ ತಗೋತದ, ಮೀನುಗಳೊಳಗ ಇದು ಬಾಳ ಹಳೇ ವಂಶದ್ದು ಅಂತ. ಹುಡುಗ್ರು ಚಿತ್ರಾ ತೆಗೀತಾರ, ಪರೀಕ್ಷಾ ಬರೀತಾರ, ಮರೀತಾರ. ನಾನೂ..." ಬಕೀಟಿನಲ್ಲಿ ಮೀನು ಮತ್ತೊಮ್ಮೆ ಮೇಲೆ ಬರುತ್ತಿತ್ತು. ಅದು ಉಸಿರು ತೆಗೆದುಕೊಂಡು ಹೋಗುವವರೆಗೆ ಮೂವರೂ ಬಕೀಟಿನ ಮೇಲೆ ಬಗ್ಗಿದ್ದರು.

"ಹೆಸರೇನ್ರಿ ಇದರದು?" ಸಂಗವ್ವ ಕೇಳಿದಳು.

ಅಷ್ಟರಲ್ಲಿ ತರಗತಿಯ ಗಂಟೆ ಹೊಡೆಯಿತು. ಹೊರಗೆ ಹುಡುಗರ ಗದ್ದಲ ಏರಿತು. ಬಸಯ್ಯ ಬಾಟಲಿಯ ಮೇಲಿನ ಚೀಟಿ ನೋಡಿ ಓದಿದರು. "ಪಾಲಿಪ್ಟೆರಸ್ ಬಿಚಿರ್. ಪಾಲಿಪ್ಟೆರಸ್ ಅಂದ್ರ ಬಾಳ ರೆಕ್ಕೀದು. ಬಿಚಿರ್ ಅಂತ ಕರೀತಾರ. ನೈಲ್ ನದೀದು." ಮತ್ತೆ ಯಾವಾಗಲಾದರೂ ಬರುತ್ತೇನೆ, ನೋಡುತ್ತೇನೆ ಎನ್ನುತ್ತ, ಹಿಂತಿರುಗಿ ಹಿಂತಿರುಗಿ ನೋಡುತ್ತ ತರಗತಿಗೆ ಹೋದರು.

ಟಾಂಗಾದಲ್ಲಿ ಸಂಗವ್ವ ಆ ಹೆಸರನ್ನು ಬಾಯಿಯಲ್ಲಿ ಹೊರಳಿಸುತ್ತಲೇ ಇದ್ದಳು, ಎಲ್ಲಿ ಜಾರಿ ಹೋಗುತ್ತದೋ ಎಂದು. ಪಾಲಿಪ್ಟೆರಸ್ ಬಿಚಿರ್. ಬಾಳ ರೆಕ್ಕೀದು. ಸ್ಟೇಶನ್ನಿನ ಬೆಂಚಿನ ಮೇಲೆ ಕುಳಿತಾಗ ಅರಿವೆ ಸರಿಸಿ ಮೀನಿಗೂ ಒಮ್ಮೆ ಹೇಳಿದಳು. ಗುರುಪಾದಪ್ಪ ಚಹಾ ತಂದುಕೊಟ್ಟ. ರೈಲು ಬಂತು. ಇಬ್ಬರೂ ಹತ್ತಿ ಕುಳಿತರು.

ಗಾರ್ಡು ಹಸಿರು ನಿಶಾನೆ ಬಿಚ್ಚುತ್ತಿದ್ದ. ಅಷ್ಟರಲ್ಲಿ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಒಬ್ಬರು ಓಡಿ ಬರುತ್ತಿರುವುದು ಕಂಡಿತು. ಒಂದು ಕೈಯಲ್ಲಿ ಧೋತರದ ಚುಂಗು, ಇನ್ನೊಂದು ಕಂಕುಳಲ್ಲಿ ದಪ್ಪ ಪುಸ್ತಕ. ಒಂದೊಂದೇ ಕಿಟಕಿ ಇಣುಕುತ್ತ, "ಮೀನಿನವರು! ಖಾನಾಪುರದ ಮೀನಿನವರು!" ಎಂದು ಕೂಗುತ್ತಿದ್ದರು.

"ಬಸಯ್ಯ ಸರ್ರು!" ಎಂದು ಸಂಗವ್ವ ಎದ್ದು ನಿಂತಳು.

"ಅದಲ್ಲ ತಂಗಿ! ಹೆಸರು ಅದಲ್ಲ!" ಗಾಡಿ ಅಲುಗಿತು. ಗುರುಪಾದಪ್ಪ ಕೈ ಚಾಚಿ ಅವರನ್ನು ಒಳಗೆ ಎಳೆದುಕೊಂಡ. ಬಸಯ್ಯ ಬಾಗಿಲ ಕಂಬಿ ಹಿಡಿದು ಏದುಸಿರು ಬಿಟ್ಟರು. ಬೆವರಿಗೆ ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿದಿತ್ತು.

"ತಪ್ಪ ಹೇಳಿದೆ ನಾ. ಪಾಠಾ ಹೇಳ್ಕೋತ ನಿಂತಾಗ ಫಕ್ಕನ ನೆನಪಾತು. ಬಾಟ್ಲಿಯೊಳಗಿನದಕ್ಕ ಬೆನ್ನ ತುಂಬ ರೆಕ್ಕಿ ಅದಾವ, ಕುತ್ತಿಗೀ ಹಿಂದಿಂದನ ಸುರು ಆಗ್ತಾವ. ನಿಮ್ಮದಕ್ಕ ಅಷ್ಟು ಇದ್ದಂಗ ಕಾಣಲಿಲ್ಲ. ಹುಡುಗ್ರನ್ನ ಬಿಟ್ಟು ಓಡಿ ಬಂದೆ. ತಪ್ಪು ಹೆಸರು ಹೊತಗೊಂಡು ಹೋದ್ರ ಅದಕ್ಕ ಅನ್ಯಾಯ ಆಗ್ತದ." ಟಿಕೀಟು ತೆಗೆದಿಲ್ಲ ಎಂಬುದು ಅವರಿಗೆ ಆಮೇಲೆ ನೆನಪಾಯಿತು.

ಎಂಜಿನ್ನಿನ ಹೊಗೆ ಕಿಟಕಿಯಿಂದ ಒಳಗೆ ನುಗ್ಗುತ್ತಿತ್ತು. ಬಸಯ್ಯ ಸೀಟಿನ ಮೇಲೆ ಪುಸ್ತಕ ತೆರೆದಿಟ್ಟು ಜೇಬಿನಿಂದ ಭೂತಗನ್ನಡಿ ತೆಗೆದರು. ರೈಲಿನ ಆ ಡಬ್ಬಿಯಲ್ಲಿದ್ದವರೆಲ್ಲ ಎದ್ದು ಸುತ್ತುವರಿದರು. ಮೆಣಸಿನಕಾಯಿ ಚೀಲದ ಮುದುಕ, ಕೂಸು ಎತ್ತಿಕೊಂಡ ಹೆಂಗಸು, ಲೋಂಡಾಕ್ಕೆ ಹೊರಟ ಇಬ್ಬರು ಸಿಪಾಯಿಗಳು. ಮೀನು ಬಕೀಟಿನಲ್ಲಿ ಸುತ್ತಿಕೊಂಡೇ ಇತ್ತು. ಎಣಿಸಹೋದರೆ ಎಣಿಕೆ ತಪ್ಪುತ್ತಿತ್ತು.

ಸಂಗವ್ವ ತೋಳು ಮಡಚಿ ಕೈಯನ್ನು ನೀರಿಗೆ ಇಳಿಸಿದಳು. ಮೀನಿಗೆ ಆ ಕೈ ಹೊಸದಲ್ಲ. ಅದು ಮೆಲ್ಲಗೆ ಬಂದು ಅವಳ ಅಂಗೈ ಮೇಲೆ ಮೈ ಚಾಚಿತು. ಆಗ ಬೆನ್ನ ಮೇಲಿನ ನಿಶಾನೆಗಳು ಒಂದರ ಹಿಂದೊಂದು ನೆಟ್ಟಗೆ ಎದ್ದವು.

ಬಸಯ್ಯ ಕಡ್ಡಿಯ ತುದಿಯಿಂದ ತೋರಿಸುತ್ತ ಎಣಿಸಿದರು. ಸುತ್ತಲಿದ್ದವರೂ ಕೂಡಿ ಎಣಿಸಿದರು. ಹತ್ತು. ಇನ್ನೊಮ್ಮೆ ಎಣಿಸಿದರು. ಹತ್ತೇ.

"ಬಿಚಿರಿಗೆ ಹದಿನಾಲ್ಕಕ್ಕ ಕಡಿಮಿ ಇರೂದಿಲ್ಲ," ಎಂದರು ಬಸಯ್ಯ. ಪುಸ್ತಕದ ಹಾಳೆ ತಿರುವಿದರು. "ಇನ್ನ ಬಾಯಿ. ಬಿಚಿರಿನ ಕೆಳಗಿನ ದವಡಿ ಮುಂದ ಬಂದಿರ್ತದ. ಇದರದು ನೋಡ್ರಿ, ಮ್ಯಾಲಿನ ತುಟಿನs ಕೆಳಗಿನದನ್ನ ಮುಚ್ಚೇದ." ಮತ್ತೆ ಹಾಳೆ ತಿರುವಿದರು. "ಮೈ ಮ್ಯಾಲ ಪಟ್ಟಿ ಇದ್ದೂವೇನು, ಮೊದಲ?"

"ಇದ್ದೂರಿ. ಸಣ್ಣದಿದ್ದಾಗ."

"ಅಡ್ಡಕೋ ಉದ್ದಕೋ?"

"ಉದ್ದಕ್ರಿ. ತಲಿಯಿಂದ ಬಾಲದ ತನಕಾ. ಪುಕ್ಕಾ ಉದುರೂ ಹೊತ್ತಿಗೆ ಅವೂ ಮಾಸಿ ಹೋದ್ವು."

"ಪುಕ್ಕಾ!" ಬಸಯ್ಯ ಅವಳ ಮುಖ ನೋಡಿದರು. "ನೀವು ಅದರ ಹೊರಗಿನ ಕಿವಿರು ನೋಡೀರಿ? ಕಣ್ಣಾರೆ?" ಭೂತಗನ್ನಡಿಯನ್ನು ಸೀಟಿನ ಮೇಲಿಟ್ಟರು. ಚಿತ್ರದಲ್ಲಿ ಮಾತ್ರ ನೋಡಿದ್ದ ವಸ್ತುವದು. ಅವಳು ಹೇಗಿದ್ದವು, ಹೇಗೆ ಕುಗ್ಗಿದವು ಎಂದು ಹೇಳುತ್ತ ಹೋದಂತೆ ಅವರು ಕಥೆ ಕೇಳುವ ಕೂಸಿನಂತೆ ಬಾಯಿ ತೆರೆದು ಕುಳಿತರು. ನಡುವಿನ ದೇಸೂರು ಸ್ಟೇಶನ್ನು ಬಂದು ಹೋದದ್ದು ಯಾರಿಗೂ ತಿಳಿಯಲಿಲ್ಲ.

ಇನ್ನು ಉಳಿದದ್ದು ಚಿಪ್ಪಿನ ಎಣಿಕೆ. ಗಾಡಿಯ ಕುಲುಕಾಟದಲ್ಲಿ ಅದು ಆಗುವಂತಿರಲಿಲ್ಲ. ಬಸಯ್ಯ ಅವರ ಜೊತೆಗೇ ಖಾನಾಪುರದಲ್ಲಿ ಇಳಿದು ಭಟ್ಟಿಗೆ ಬಂದರು.

ಇಳಿಹೊತ್ತಿನ ಬಿಸಿಲು ಛಪ್ಪರದೊಳಗೆ ಓರೆಯಾಗಿ ಬಿದ್ದಿತ್ತು. ಒದ್ದೆ ಅರಿವೆಯ ಮೇಲೆ ಮೀನನ್ನು ಮಲಗಿಸಿ ಸಂಗವ್ವ ಮೆತ್ತಗೆ ಹಿಡಿದಳು. ಅದು ಉಸಿರಾಡುತ್ತ ಸುಮ್ಮನಿತ್ತು. ಬಸಯ್ಯ ಎಣಿಸಲು ಬಗ್ಗಿದವರು, ಭೂತಗನ್ನಡಿಯನ್ನು ಗುರುಪಾದಪ್ಪನ ಕೈಗೆ ಕೊಟ್ಟು, "ಮೊದಲ ನೀವು ಒಂದೀಟು ನೋಡ್ರಿ," ಎಂದರು.

ಗುರುಪಾದಪ್ಪ ನೋಡಿದ. ಗಾಜಿನಡಿಯಲ್ಲಿ ಮೀನಿನ ಮೈ ಮೈಯಾಗಿ ಉಳಿಯಲಿಲ್ಲ. ಅದೊಂದು ಹೆಂಚು ಹೊಚ್ಚಿದ ಮಾಡಾಗಿತ್ತು. ಓರೆಯಾಗಿ ಕೊರೆದ ಸಣ್ಣ ಸಣ್ಣ ಬಿಲ್ಲೆಗಳು, ಒಂದಕ್ಕೊಂದು ಕೂಡಿಕೊಂಡು, ಸಾಲಿನ ಕೆಳಗೆ ಸಾಲು, ಎಲ್ಲಿಯೂ ಕೂದಲೆಳೆಯ ಸಂದಿಲ್ಲದೆ ತಲೆಯಿಂದ ಬಾಲದವರೆಗೆ ಹೊಚ್ಚಿಕೊಂಡಿದ್ದವು. ಮೇಲೆ ಹೊಳಪು ಹಚ್ಚಿ ಸುಟ್ಟಂಥ ಮಿರುಗು.

"ಇವು ಮಾಮೂಲಿ ಮೀನಿನ ಚಿಪ್ಪಲ್ಲ. ಎಲುಬು," ಎಂದು ಬಸಯ್ಯ ಪುಸ್ತಕದ ಒಂದು ಚಿತ್ರ ತೋರಿಸಿದರು. "ಒಳಮೈ ಹಿಂಗ ಇರ್ತದ. ಒಂದೊಂದರ ಅಂಚಿಗೂ ಒಂದು ಮೊಳಿ, ಒಂದು ಕುಣಿ. ಇದರ ಮೊಳಿ ಅದರ ಕುಣಿಯೊಳಗ ಕುಂದರ್ತದ. ಅದಕ್ಕ ಮೈ ಬಾಗಿದ್ರೂ ಬಿಚ್ಚೂದಿಲ್ಲ."

ಗುರುಪಾದಪ್ಪ ಚಿತ್ರವನ್ನು ನೋಡಿದ, ಮೀನನ್ನು ನೋಡಿದ. ಎದ್ದು ಹೋಗಿ ಸುಟ್ಟ ಹೆಂಚುಗಳ ಸಾಲಿನಿಂದ ಎರಡನ್ನು ತಂದ. ಒಂದರ ಏಣನ್ನು ಇನ್ನೊಂದರ ತೋಡಿಗೆ ಕೂಡಿಸಿದ. ಕಟ್ಟೆಂದು ಕೂತವು. ಅವನ ಅಪ್ಪ, ಅವನ ಅಜ್ಜ ಈ ಜೋಡಣೆಯನ್ನೇ ಕಲಿತು ಊರೂರಿನ ಮಾಡು ಹೊಚ್ಚಿದವರು. ಅವನು ಎರಡು ಹೆಂಚನ್ನು ಹಿಡಿದುಕೊಂಡೇ ಕುಕ್ಕರುಗಾಲಲ್ಲಿ ಕುಳಿತ.

"ಇದನ್ನ ಯಾರು ಹೊಚ್ಚಿದ್ರಿ?" ಎಂದ.

ಬಸಯ್ಯ ಚಿಪ್ಪಿನ ಸಾಲನ್ನು ಎಣಿಸಿದರು. ನಡುವೆ ಸಂಗವ್ವ ಅರಿವೆಗೆ ನೀರು ಚಿಮುಕಿಸುತ್ತಿದ್ದಳು. ಐವತ್ತೈದು. ಪುಸ್ತಕದ ಕಡೆ ಹೊರಳಿ, ಬೆರಳಿಟ್ಟು ಓದಿ, ಒಂದು ಹೆಸರು ಬಿಟ್ಟರು, ಇನ್ನೊಂದು ಬಿಟ್ಟರು. ಅಡ್ಡಪಟ್ಟಿಯದಲ್ಲ. ಚುಕ್ಕಿಯದಲ್ಲ. ದವಡೆ ಮುಂದೆ ಬಂದದ್ದಲ್ಲ. ಕೊನೆಗೆ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಅವರು ಆತುರ ಮಾಡಲಿಲ್ಲ. ಒಮ್ಮೆ ಓದಿದರು, ಮೀನನ್ನು ನೋಡಿದರು, ಮತ್ತೊಮ್ಮೆ ಓದಿದರು.

"ಪಾಲಿಪ್ಟೆರಸ್ ಸೆನೆಗಾಲಸ್," ಎಂದರು. "ಈಗ ಖರೇ. ಸೆನೆಗಾಲದ್ದು."

ಸಂಗವ್ವ ಮೀನನ್ನು ಬಾನಿಗೆ ಬಿಟ್ಟಳು. ಅದು ತಳಕ್ಕೆ ಇಳಿದು ಅಂಗೈ ಊರಿ ನಿಂತಿತು. ಹೆಸರು ಸಿಕ್ಕರೆ ಕುಣಿದಾಡುವಷ್ಟು ಸಂತೋಷವಾಗುತ್ತದೆ ಎಂದು ಅವಳು ತಿಳಿದಿದ್ದಳು. ಈಗ ಹಾಗೆ ಆಗಲಿಲ್ಲ. ಕಣ್ಣು ತುಂಬಿ ಬಂತು, ಅಷ್ಟೇ.

"ಸೆನೆಗಾಲ ಅಂದ್ರ ಅದರ ತವರಮನಿ ಏನ್ರಿ?"

ಹಿಂದಿನಿಂದ ಬಂದ ಧ್ವನಿಗೆ ಎಲ್ಲರೂ ತಿರುಗಿದರು. ಕಾಶವ್ವ ಛಪ್ಪರದ ಕಂಬ ಹಿಡಿದು ನಿಂತಿದ್ದಳು. ಅಯ್ಯನವರು ಮನೆಗೆ ಬಂದಿದ್ದಾರೆಂದು ಚಹಾ ತಂದವಳು, ಯಾವಾಗ ಬಂದು ನಿಂತಳೋ!

"ತವರು ಅಂತನs ತಿಳೀರಿ ಅವ್ವಾರ," ಎಂದರು ಬಸಯ್ಯ. "ಸೆನೆಗಾಲ ಅಂತ ಒಂದು ಹೊಳಿ ಅದ, ಆಫ್ರಿಕಾದ ಪಡುವಣಕ್ಕ. ಮೊದಲ ಅಲ್ಲಿ ಸಿಕ್ಕಿತ್ತು ಅಂತ ಎಲ್ಲಾದಕ್ಕೂ ಆ ಹೆಸರು ಬಂತು. ಲಾಗೋಸ್ ಕಡೇನೂ ಇದರ ಬಳಗ ಅದ."

"ಬಳಗ ದೊಡ್ಡದೇನ್ರಿ?"

"ಬಳಗ ಇಷ್ಟs. ಆದ್ರ ಮನಿತನ ಹಳೇದು." ಬಸಯ್ಯ ಬಾನಿಯ ಪಕ್ಕದ ಕಲ್ಲಿನ ಮೇಲೆ ಕೈ ಇಟ್ಟರು. ಇಪ್ಪತ್ತು ವರ್ಷ ಹೇಳಿದ ಪಾಠವನ್ನು ಈ ಮುದುಕಿಗೆ ಹೇಗೆ ಹೇಳುವುದು ಎಂದು ಹುಡುಕುತ್ತಿದ್ದರು. "ಈ ನಮ್ಮ ಕಪ್ಪು ಕಲ್ಲು ಅದಾವಲ್ರಿ ಅವ್ವಾರ, ಬೆಳಗಾವಿ ತುಂಬ ಮನಿ ಕಟ್ಟ್ಯಾರಲ್ಲ, ಅವು ಒಂದು ಕಾಲಕ್ಕ ಬೆಂಕಿಯಾಗಿ ನೆಲದಿಂದ ಉಕ್ಕಿ ಹರದದ್ದು. ಆ ಬೆಂಕಿ ಹರಿಯೂಕಿಂತ ಮೊದಲ ಇದರ ಮನಿತನ ಇತ್ತು. ಮಲಪ್ರಭಾ ಹುಟ್ಟಿರಲಿಲ್ಲ. ಭೂಮಿ ಮ್ಯಾಲ ಹಕ್ಕಿ ಇರಲಿಲ್ಲ, ಹೂವು ಇರಲಿಲ್ಲ, ಹಾವು ಸುದ್ದಾ ಇರಲಿಲ್ಲ. ಆಗಿನ ನೀರೊಳಗ ಇದರ ಮುತ್ಯಾಗಳು ಹಿಂಗs ಎಲುಬಿನ ಚಿಪ್ಪು ಹೊಚ್ಚಿಕೊಂಡು, ಹಿಂಗs ಮ್ಯಾಲ ಬಂದು ಗಾಳಿ ತಗೋತಿದ್ವು. ಮೂವತ್ತು ಕೋಟಿ ವರ್ಷಾ ಅಂತ ಬರದಾರ. ನನಗೂ ಆ ಲೆಕ್ಕ ತಲ್ಯಾಗ ಹಿಡಿಯೂದಿಲ್ಲ."

ಮಣ್ಣಿನ ಗುಂಡಿಯ ಹತ್ತಿರ ಮಾಯಪ್ಪನೂ ಕೆಲಸ ನಿಲ್ಲಿಸಿ ನಿಂತಿದ್ದ. ಸಂಗವ್ವ ನೀರಿನತ್ತ ನೋಡಿದಳು. ತಾನು ದಿನಾ ಎರೆಹುಳ ಹಾಕಿ, ನೀರು ಬದಲಿಸಿ, ಕೈಯಾಡಿಸಿದ ಬಾನಿಯಲ್ಲಿ ಇದು ಇತ್ತು. ತನ್ನ ಅಂಗೈಯಲ್ಲಿ ಉಬ್ಬಿ ಇಳಿದ ಆ ಉಸಿರು ಅಷ್ಟು ದೂರದಿಂದ ಬಂದಿತ್ತು, ನಡುವೆ ಒಮ್ಮೆಯೂ ಕಡಿಯದೆ. ಅವಳಿಗೆ ಕಾಲ ಕೆಳಗಿನ ನೆಲ ಬಾವಿಯಷ್ಟು ಆಳವಾದಂತಾಯಿತು. ಅಂಜಿಕೆಯಲ್ಲ ಅದು. ಅಂಜಿಕೆಗಿಂತ ದೊಡ್ಡದು.

ಕಾಶವ್ವ ಚಹಾದ ತಾಟನ್ನು ಕಟ್ಟೆಯ ಮೇಲಿಟ್ಟಳು. ವರ್ಷವಾಗುತ್ತ ಬಂದರೂ ಸುಳಿಯದ ಬಾನಿಯ ಹತ್ತಿರ ನಿಧಾನವಾಗಿ ಬಂದು ಒಳಗೆ ಇಣುಕಿದಳು. ಮೀನು ತಲೆ ಎತ್ತಿ ಅವಳನ್ನು ನೋಡಿತು.

"ಹಂಗಾದ್ರ ನಮಗಿಂತ ಹಿರೇರು," ಎಂದಳು ಕಾಶವ್ವ. ಹೆಗಲಿಗೆ ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಆಮೇಲಿನ ವರ್ಷಗಳಲ್ಲಿ ಬಸಯ್ಯ ಪ್ರತಿ ಮಳೆಗಾಲದ ಕೊನೆಗೆ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ರೈಲಿನಲ್ಲಿ ಬರತೊಡಗಿದರು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಮೀನು ಮೊಣಕೈಯುದ್ದ ಬೆಳೆದಿತ್ತು. ಛಪ್ಪರದ ಕೆಳಗೆ ಅವರು ಪಾಠ ಹೇಳುತ್ತಿರಲಿಲ್ಲ. ಸುಮ್ಮನೆ ನೋಡ್ರಿ ಎಂದು ಹೇಳಿ ತಾವೂ ನೋಡುತ್ತ ನಿಲ್ಲುತ್ತಿದ್ದರು. ಹುಡುಗರು ತಳ್ಳಾಡಿಕೊಂಡು ಗದ್ದಲ ಮಾಡಿದರೆ ಕಟ್ಟೆಯ ಮೇಲಿನಿಂದ ಕಾಶವ್ವ ಗದರುತ್ತಿದ್ದಳು. "ಸಾವಕಾಶ ನಿಂದರ್ರೋ. ಅವರು ಈಗರ ಉಂಡು ಮಲಗ್ಯಾರ."